ಜೀರಿಗೆಯ ಪಥ್ಯ

ಮತ್ತೀಕೆರೆಯಲ್ಲಿ ನನ್ನದು ಕೋಳಿ ಅಂಗಡಿ,
ಇಪ್ಪತ್ತೆರಡು ವರ್ಷ. ಅದೇ ಹುಣಸೆ ಕೊರಡು,
ನಡುವೆ ಸವೆದು ಊಟದ ತಟ್ಟೆಯಷ್ಟು ತಗ್ಗು.
ನನ್ನ ನಾಯಿಗೆ ಕೋಳಿ ಆಗಿಬರುವುದಿಲ್ಲ.

ನಗಬೇಡಿ. ನಾನೂ ಮೊದಲು ನಕ್ಕೆ.
ಹೆಬ್ಬಾಳದ ಡಾಕ್ಟರಮ್ಮ ನಗಲಿಲ್ಲ.
ಜೀರಿಗೆಯ ಕಿವಿ ಮಡಚಿ ಒಳಗಿನ ಕೆಂಪು ತೋರಿಸಿ,
ಕಂಕುಳಲ್ಲಿ ಕೂದಲುದುರಿ ಆನೆಚರ್ಮವಾದ ಜಾಗ ಒತ್ತಿ,
ಏನು ಹಾಕ್ತೀರಿ, ಅಂದರು.
ತಲೆ, ಕಾಲು, ಕತ್ತು, ಈಲಿ, ಅಂದೆ,
ಭಾನುವಾರ ತೊಡೆ.
ಹೇಳುತ್ತ ಹೇಳುತ್ತ ದನಿ ಇಳಿಯಿತು
ಕಟಕಟೆಯಲ್ಲಿ ನಿಂತವನ ಹಾಗೆ.

ಎಂಟು ವಾರ, ಅಂದರು. ಕೋಳಿ ಬಂದ್.
ಮೊಟ್ಟೆ, ಹಾಲು, ಕುರಿ, ಎಲ್ಲ ಬಂದ್.
ಅದರ ಮೈ ಈವರೆಗೆ ಕಾಣದ ಊಟ ಒಂದನ್ನೇ ಕೊಡಿ.
ಹುಳ, ಅಂದರು.
ಹುಳ?
ನೊಣದ ಮರಿ. ಒಣಗಿಸಿ, ಪುಡಿಮಾಡಿ, ಕಾಳು ಕಟ್ಟಿದ್ದು.
ಹೀಗೆ ನನ್ನ ತಲೆಗೆ ಹುಳ ಬಿಟ್ಟು
ಮುಂದಿನ ಚೀಟಿ ಕರೆದರು.

ಹುಳ ಅನ್ನೋ ಮಾತು ನನ್ನ ಅಂಗಡಿಯಲ್ಲಿ ಬೈಗುಳ.
ಬೇಸಿಗೆಯಲ್ಲಿ ಡ್ರಮ್ಮಿನ ತಳದಲ್ಲಿ ಬಿಳಿ ಮಿಸುಕಾಟ ಕಂಡರೆ
ಇಮ್ತಿಯಾಜ್ ಕುದಿಯುವ ನೀರು ತರುತ್ತಿದ್ದ,
ನಾನು ಬ್ಲೀಚಿಂಗ್ ಪೌಡರ್ ಎರಚುತ್ತಿದ್ದೆ.
ಈಗ ಅದಕ್ಕೇ ಚೌಕಾಸಿ, ಕಿಲೋಗೆ ಒಂಬೈನೂರು,
ನಾಟಿಕೋಳಿಗಿಂತ ದುಬಾರಿ.

ಒಂದು ಮಂಗಳವಾರ ಆನೇಕಲ್ ಕಡೆ ಹೋಗಿ ನೋಡಿಯೇ ಬಂದೆ:
ತಗಡಿನ ಶೆಡ್ಡು, ನೀಲಿ ಕ್ರೇಟು,
ಕಲಾಸಿಪಾಳ್ಯದ ಕೊಳೆತ ಕೋಸು, ಜ್ಯೂಸ್ ಅಂಗಡಿಯ ಮೋಸಂಬಿ ಸಿಪ್ಪೆ,
ಒಳಗೆ ತಗಡಿನ ಮೇಲೆ ತುಂತುರು ಬಿದ್ದ ಹಾಗೆ ಸದ್ದು.
ಮಳೆಯಲ್ಲ, ತಿನ್ನುವ ಸದ್ದು.
ಅಲ್ಲಿದ್ದ ಹುಡುಗಿ, ಸುಚೇತಾ ಅಂತ,
ಬೊಗಸೆ ತುಂಬ ಎತ್ತಿ ನನ್ನ ಅಂಗೈಗೆ ಸುರಿದಳು.
ಬೆಚ್ಚಗಿತ್ತು.
ಆಗಷ್ಟೇ ಕೊಯ್ದ ಕೋಳಿ ಇರುತ್ತದಲ್ಲ, ಅಷ್ಟೇ ಬೆಚ್ಚಗೆ.

ಮೊದಲ ದಿನ ಜೀರಿಗೆ ಬಟ್ಟಲು ಮೂಸಿ
ನನ್ನ ಮುಖ ನೋಡಿತು,
ಸಾಲ ಕೇಳಿ ಬಂದವನನ್ನು ನಾನು ನೋಡುವ ಹಾಗೆ.
ಎರಡನೇ ದಿನ ತಿಂದಿತು. ಹುರಿಗಡಲೆಯ ವಾಸನೆ, ಹಿಂದೆಯೇ ಒಣಸೀಗಡಿ.
ಅಕ್ಕಯಮ್ಮ ಸೆರಗಿಂದ ಮೂಗು ಮುಚ್ಚಿ ಅಳೆದು ಹಾಕಿದಳು.
ಎದುರುಮನೆ ಪದ್ಮಾವತಮ್ಮನಿಗೆ ಕಾಂಪೌಂಡಿನ ಮೇಲಿಂದಲೇ ತಾಕೀತು:
ಮಾರಿ ಬಿಸ್ಕತ್ತು ಹಾಕೀರಿ, ಜೋಕೆ.

ಕಷ್ಟ ಅದಲ್ಲ.
ರಾತ್ರಿ ಒಂಬತ್ತೂವರೆಗೆ ಷಟರ್ ಎಳೆದು ಬಂದರೆ
ಬಾಗಿಲಲ್ಲೇ ನನ್ನ ಕೈ ನೆಕ್ಕುತ್ತಿತ್ತು,
ಬೆರಳ ಸಂದಿ, ಉಗುರಿನ ಬುಡ, ಕತ್ತಿ ತಾಗಿದ ಹಳೆ ಗೆರೆ,
ಏಳು ವರ್ಷ, ಒಂದು ದಿನ ತಪ್ಪದೆ.
ನಾನದನ್ನು ಪ್ರೀತಿ ಅಂದುಕೊಂಡಿದ್ದೆ.
ಪ್ರೀತಿಯೇ ಇರಬೇಕು. ರುಚಿಯೂ.
ಕೈಗೆ ಅಂಟಿದ್ದೂ ಲೆಕ್ಕಕ್ಕುಂಟು, ಅಂದಿದ್ದರು ಡಾಕ್ಟರಮ್ಮ.

ಹಾಗಾಗಿ ಹಿತ್ತಲ ನಲ್ಲಿ. ಎರಡು ಸಲ ಸೋಪು,
ತೆಂಗಿನ ನಾರು, ನಿಂಬೆಸಿಪ್ಪೆ, ಬೇರೆ ಲುಂಗಿ.
ಅಷ್ಟು ಹೊತ್ತೂ ಗ್ರಿಲ್ಲಿನ ಆಚೆ ಅದರ ಬಾಲ
ಕಂಬಿಗೆ ಬಡಿದು ಟಣ್ ಟಣ್.
ಆಮೇಲೆ ಬಂದು ಮೂಸಿ, ಸೋಪು ತಾಕಿ,
ಯಾರಿವನು ಅಂತ ಒಂದು ಕ್ಷಣ.

ಐದನೇ ವಾರ ಕೆರೆತ ನಿಂತ ರಾತ್ರಿ
ಆ ಪರಪರ ಇಲ್ಲದೆ ನಮಗಿಬ್ಬರಿಗೂ ನಿದ್ದೆ ಬರಲಿಲ್ಲ.
ಏಳನೇ ವಾರ ಕಂಕುಳಲ್ಲಿ ಕೂದಲು,
ಹೊಸ ಬ್ರಷ್ಷಿನಷ್ಟು ಒರಟು.

ಎಂಟು ಮುಗಿಯಿತು. ಡಾಕ್ಟರಮ್ಮ ಅಂದರು:
ಈಗ ಒಂದು ಚೂರು ಕೋಳಿ ಕೊಟ್ಟು ನೋಡಿ,
ಮತ್ತೆ ಕೆರೆದರೆ ಖಾತ್ರಿ.

ಚೂರು ಕೈಯಲ್ಲೇ ಇತ್ತು, ಬೇಯಿಸಿದ್ದು, ಉಪ್ಪಿಲ್ಲದ್ದು.
ಜೀರಿಗೆ ಕೂತಿತ್ತು, ಜೊಲ್ಲಿನ ಎರಡು ಎಳೆ ನೆಲ ಮುಟ್ಟುವಂತೆ.
ದಿನಕ್ಕೆ ಎಂಬತ್ತು ಕೋಳಿಗೆ ನಡುಗದ ಕೈ.

ಖಾತ್ರಿ ಯಾರಿಗೆ ಬೇಕು,
ನಾನೇ ಬಾಯಿಗೆ ಹಾಕಿಕೊಂಡೆ.
ಸಪ್ಪೆ.
ಎದ್ದು ಮತ್ತೆ ನಲ್ಲಿಗೆ ಹೋದೆ.