ಹಳದಿ ಕಾಲುಚೀಲ

ನಮ್ಮ ಕೌಂಟಿಯ ಜೈಲು ಹೆಂಗಸರನ್ನು ಬಿಡುವುದು
ಹನ್ನೆರಡು ಹೊಡೆದ ಮೇಲೆ.
ಕೈಗೊಂದು ಪ್ಲಾಸ್ಟಿಕ್ ಚೀಲ,
ಒಳಗೆ ಬಂದ ದಿನ ಕಳಚಿಸಿಕೊಂಡದ್ದು:
ಚಾರ್ಜು ಸತ್ತ ಫೋನು, ಒಂದೇ ಕಿವಿಯ ಓಲೆ.
ಮೈಮೇಲೆ ಆಗಸ್ಟಿನಲ್ಲಿ ತೊಟ್ಟಿದ್ದ ತೋಳಿಲ್ಲದ ಅಂಗಿ.
ಈಗ ಜನವರಿ. ಓಕ್ಲಹೋಮದ ಗಾಳಿಗೆ
ಅಡ್ಡ ಅಂತ ಇರುವುದು ಮುಳ್ಳುತಂತಿಯೊಂದೇ,
ಅದನ್ನೂ ಈಗಷ್ಟೇ ದಾಟಿ ಬಂದೆ.

ಬೀದಿಯಾಚೆ ಜಾಮೀನು ಕೊಡಿಸುವವರ ಕೆಂಪು ದೀಪ.
ಅದರಡಿ ಒಂದು ಕಾರು, ಎಂಜಿನ್ ಆರಿಸಿಲ್ಲ.
ನನ್ನ ಹೆಸರು ಅವನಿಗೆ ಗೊತ್ತಿಲ್ಲ,
ಬಿಡುವ ಹೊತ್ತು ಮಾತ್ರ ಬಾಯಿಪಾಠ.

ಬಸ್ಸಿನ ಬೆಂಚಿನಲ್ಲಿ ಒಬ್ಬಳು. ಅರವತ್ತರ ಹತ್ತಿರ.
ಗಂಡಸರ ಕೋಟು.
"ವರ್ನೆಲ್," ಅಂದಳು. "ಕಾಲುಚೀಲ ಬೇಕಾ?"
ಅಷ್ಟೇ.
ದೇವರ ಸುದ್ದಿ ಎತ್ತಲಿಲ್ಲ,
ಏನು ಮಾಡಿ ಒಳಗೆ ಹೋಗಿದ್ದೆ ಎನ್ನಲಿಲ್ಲ.
ಹಳದಿ ಉಣ್ಣೆ. ಕೋಟಿನೊಳಗಿಟ್ಟು ಬೆಚ್ಚಗೆ ಮಾಡಿದ್ದಳು.
ಕೂತೆ.
ಕಾರು ಕಾದು ಕಾದು ಹೋಯಿತು.

ಒಳಗಿದ್ದಾಗ ಒಬ್ಬ ಬಂದಿದ್ದ, ಕೋರ್ಟು ಕಳಿಸಿದವನು,
ಗೋಡೆಗೆ ಚಿತ್ರ ಬಿಟ್ಟು ಕೇಳಿದ್ದ:
ಒಂದರಿಂದ ಹತ್ತರೊಳಗೆ ನಿಮ್ಮ ಅಪಾಯ ಎಷ್ಟು?
ಎಲ್ಲರೂ ಮೂರು ಅಂತ ಬರೆದೆವು, ಬೇಗ ಬಿಡಲಿ ಎಂದು.
ಇದನ್ನು ಹೇಳಿದರೆ ವರ್ನೆಲ್ ಕೆಮ್ಮುವ ತನಕ ನಕ್ಕಳು.
"ನನ್ನ ಅಪಾಯದ ಹೆಸರು ಡ್ವೇನ್.
ಮನೆ ಅವನದು. ಬೇಡ ಅನ್ನೋಕೆ
ಮೊದಲು ಮಲಗೋಕೆ ಬೇರೆ ಜಾಗ ಬೇಕಿತ್ತು."

ಅವಳ ಶಾಲೆ ಬಟ್ಟೆ ಒಗೆಯುವ ಅಂಗಡಿ.
ಡ್ರೈಯರುಗಳ ಹಿಂದೆ ಕರೆಂಟಿನ ನಾಲ್ಕು ತೂತು,
ನಾಲ್ವರು ಹೆಂಗಸರು ಗೋಡೆಗೆ ಕಾಲು ಚಾಚಿ
ಕಣಕಾಲಿನ ಕೋರ್ಟಿನ ಯಂತ್ರಕ್ಕೆ ಚಾರ್ಜು ಹಾಕುತ್ತ.
ಎರಡು ತಾಸು ಎದ್ದು ಹೋಗುವಂತಿಲ್ಲ.
"ಗಿರಾಕಿಗಳು ಸಿಕ್ಕಿಬಿದ್ದಿದ್ದಾರೆ," ಅನ್ನುತ್ತಿದ್ದಳು ವರ್ನೆಲ್,
ಮಡಿಸಿದ ಟವೆಲಿನ ಮೇಲೆ ಸಾಮಾನು ಹರಡುತ್ತ:
ಕಾಂಡೋಮು, ಹೊಸ ಸೂಜಿ, ನೀಲಿ ಮಾತ್ರೆಯ ಡಬ್ಬಿ.
"ಇದು ರೋಗ ಇಲ್ಲದವರಿಗೆ, ಬಾರದ ಹಾಗೆ. ದಿನಕ್ಕೊಂದು.
ಅವನಿಗೆ ಹೇಳಬೇಕಿಲ್ಲ. ವಿಟಮಿನ್ ಅನ್ನು.
ಮೊದಲು ರಕ್ತ ಕೊಡಬೇಕು, ನಾನು ಪಕ್ಕದಲ್ಲೇ ಇರ್ತೀನಿ.
ಇನ್ನೊಂದು ಡಬ್ಬಿ ನನ್ನದು. ಹತ್ತೊಂಬತ್ತು ವರ್ಷ ಆಯ್ತು.
ಈಗ ರಕ್ತದಲ್ಲಿ ಹುಡುಕಿದರೂ ಅವರಿಗೆ ಎಣಿಸೋಕೆ ಸಿಗಲ್ಲ,
ನನ್ನಿಂದ ಯಾರಿಗೂ ದಾಟಲ್ಲ."
ಯಾರೂ ಏನೂ ಅನ್ನಲಿಲ್ಲ. ಡ್ರೈಯರಿನಲ್ಲಿ
ಯಾರದೋ ಜೀನ್ಸಿನ ಗುಂಡಿ ಟಕಟಕ ಬಡಿಯುತ್ತಿತ್ತು.
ಒಸೀತ ಕೈ ಚಾಚಿ ಡಬ್ಬಿ ತೆಗೆದುಕೊಂಡಳು,
ಮುಚ್ಚಳ ಬಿಚ್ಚಿ ಮೂಸಿ ನೋಡಿದಳು, ಔಷಧಿಯಲ್ಲ, ಹಾಲು ಎಂಬಂತೆ.

ನನ್ನ ರಕ್ತ ಕೊಟ್ಟ ದಿನ ಅವಳು ಇಪ್ಪತ್ತು ನಿಮಿಷ
ತನ್ನ ಹಲ್ಲುನೋವಿನ ಕತೆ ಹೇಳಿದಳು.
ಇಲ್ಲ ಅಂತ ಬಂತು.
ಇಲ್ಲ ಎನ್ನುವ ಮಾತಿಗೆ
ನಾನು ಮೊದಲ ಸಲ ಅತ್ತದ್ದು.

ಅಕ್ಟೋಬರಿನಲ್ಲಿ ಅಂಗಡಿಗೆ ಅವಳು ಬರಲಿಲ್ಲ.
ಹಳೆಯ ದಂಡದ ಬಾಕಿ, ಕಾರಿನ ಹಿಂದಿನ ದೀಪ ಕೆಟ್ಟದ್ದು,
ಪೋಲೀಸಿನವನ ಕಂಪ್ಯೂಟರಿನಲ್ಲಿ ಹೆಸರು.
ಒಂಬತ್ತು ದಿನ ಒಳಗೆ.
ಮಾತ್ರೆ ಪಟ್ಟಿಯಲ್ಲಿಲ್ಲ ಅಂದರಂತೆ ಐದು ದಿನ.
ನಾವು ನಾಲ್ವರೂ ಸರದಿಯಲ್ಲಿ ಫೋನು ಮಾಡಿದೆವು,
ಡಬ್ಬಿಯ ಹೆಸರು ಅಕ್ಷರ ಅಕ್ಷರವಾಗಿ ಹೇಳಿ,
ಆರನೆಯ ದಿನ ನರ್ಸು, "ಸಾಕು ತಾಯಿ, ಕೊಟ್ಟೆ," ಅನ್ನುವ ತನಕ.

ಹನ್ನೆರಡು ಹೊಡೆದ ಮೇಲೆ ಬೆಂಚಿನಲ್ಲಿ ನಾನು.
ಅವಳು ಬಂದಳು, ಚೀಲ ಹಿಡಿದು, ಸಣ್ಣಗಾಗಿ.
"ಕಾಲುಚೀಲ ಬೇಕಾ?" ಅಂದೆ.
"ನನ್ನವೇ ತಂದು ನನಗೇ ಕೇಳ್ತೀಯಾ," ಅಂದಳು,
ತೊಟ್ಟುಕೊಳ್ಳಲಿಲ್ಲ, ಹಿಂದೆ ತಿರುಗಿ ನೋಡಿದಳು.

ಬಾಗಿಲಲ್ಲಿ ಒಂದು ಹುಡುಗಿ, ಹತ್ತೊಂಬತ್ತಿರಬಹುದು,
ಬರಿಗಾಲು, ಚಪ್ಪಲಿ ಕೈಯಲ್ಲಿ.
ಬೀದಿಯಾಚೆ ಅದೇ ಕಾರು. ಅಥವಾ ಅಂಥದೇ.
ವರ್ನೆಲ್ ಹಳದಿ ಜೋಡಿಯನ್ನು ಕೋಟಿನೊಳಗೆ ತೂರಿ
ಹುಡುಗಿಗೆ ಜಾಗ ಬಿಟ್ಟು ಸರಿದಳು.
ಆ ಬೆಂಚು ಮೂವರಿಗೆ ಸಾಲದು.
ನಾನು ಎದ್ದು ನಿಂತೆ,
ಕಾರಿನ ದೀಪಕ್ಕೆ ಬೆನ್ನು ಕೊಟ್ಟು.