ಬಳಕೆಯಲ್ಲಿದೆಯೇ?

ಇನಾರಿಯಲ್ಲಿ ಜನವರಿಯ ಹಗಲು ಎರಡೇ ತಾಸು.
ಔತಿ ಹೊಸ ಹುಡುಕುಯಂತ್ರ ಏರಿಸುತ್ತಿದ್ದಾಳೆ.
ಹಳೆಯದಕ್ಕೆ ಅಕ್ಷರದ ನೆತ್ತಿಯ ಚುಕ್ಕೆ ಕಾಣುತ್ತಿರಲಿಲ್ಲ,
ಮೀನು ಕೇಳಿದರೆ ಮಾವನನ್ನು ಕೊಡುತ್ತಿತ್ತು.

ಈಗ ಸರಿ. ಮೂವತ್ತೊಂದು ಸಾವಿರ ಪದ
ರೆಪ್ಪೆ ಬಡಿಯುವಷ್ಟರಲ್ಲಿ ಸಾಲಾಗಿ ನಿಲ್ಲುತ್ತವೆ,
ಒಂದರ ಮುಂದೆ ಮಾತ್ರ ಕೆಂಪು ಗೆರೆ:
ಬಾಗಿಲು ಹಾಕದೆ ಒಳಬರುವವನು
ಎಂಬಷ್ಟಕ್ಕೂ ಒಂದೇ ಪದ.
ಹೇಳಿದವರು: ಹುವೊತ್ತರ್ ಅಜ್ಜ.
ಬೇರೆ ಸಾಕ್ಷಿ ಇಲ್ಲ.
ಅವನನ್ನು ಮಣ್ಣು ಮಾಡಿ ಒಂಬತ್ತು ದಿನ.

'ಬಳಕೆಯಲ್ಲಿದೆಯೇ?' ಕೇಳುತ್ತದೆ ತಂತ್ರಾಂಶ.
ಹೌದು. ಇಲ್ಲ. ಮೂರನೆಯ ಗುಂಡಿಯಿಲ್ಲ.
ಕಾಫಿ ಆರಿತು.

ಅಷ್ಟರಲ್ಲಿ ಸರ್ವರ್ ನೋಡುವ ಹುಡುಗ ಮಿಸ್ಕಾ
ಎರಡೂ ಕೈತುಂಬ ತಂತಿ ಹೊತ್ತು ಬಂದ,
ಬೆನ್ನಿಗೇ ನುಗ್ಗಿತು
ಸೊನ್ನೆಗಿಂತ ಮೂವತ್ತು ಕೆಳಗಿನ ಚಳಿ.

ಔತಿ ತಿರುಗದೆಯೇ ಬೈದಳು,
ಆ ಪದದಿಂದಲೇ.

'ಏನಂದೆ?' ಅಂದ.

ಹೌದು ಒತ್ತಿದಳು.