ಹೆಪ್ಪು ಹಾಕದ್ದು

ಇತಾತಾ ಕಣಿವೆಯಲ್ಲಿ ಮಾರ್ಚ್ ಮುಗಿಯಿತೆಂದರೆ ಸುಗ್ಗಿ.
ಓತಿಲಿಯಾಳ ಬಳ್ಳಿಗೆ ಚಪ್ಪರವಿಲ್ಲ, ತಂತಿಯಿಲ್ಲ,
ಮೊಣಕಾಲೆತ್ತರದ ಮೊಂಡು ಮೋಟು,
ಕುದುರೆಯೊಂದೇ ನುಗ್ಗಬಲ್ಲ ಸಾಲು.
ನೆಟ್ಟವರ ಹೆಸರು ಗೋರಿಕಲ್ಲಿನ ಮೇಲೂ ಅಳಿಸಿದೆ.
ಹಣ್ಣಿನ ಹೆಸರು ಪಾಯೀಸ್, ಅಂದರೆ ಬರೀ ನಾಡು.
ಪೇಟೆಯಲ್ಲಿ ನಾಡಿಗೆ
ಆಲೂಗಡ್ಡೆಗಿಂತ ಕಡಿಮೆ ಬೆಲೆ.

ಬಿದಿರುಕಡ್ಡಿಯ ಜರಡಿಗೆ ಗೊಂಚಲು ಸುರಿದು
ಅಂಗೈಯಲ್ಲಿ ಉಜ್ಜುತ್ತೇವೆ, ಮುಂದೆ, ಹಿಂದೆ.
ತೊಟ್ಟು ಮೇಲುಳಿಯಬೇಕು, ಹಣ್ಣು ಬಾನಿಗೆ ಬೀಳಬೇಕು.
ಸಂಜೆ ಕೈ ತೊಳೆದರೆ ರೇಖೆಗಳು ಮಾತ್ರ ಕಪ್ಪಗೆ ಉಳಿಯುತ್ತವೆ.
ನಿಕಾನೋರ್ ನನ್ನ ಕೈ ಹಿಡಿದು ಭವಿಷ್ಯ ಹೇಳಿದ:
‘ನಾಳೆಯೂ ಇದೇ ಕೆಲಸ.’

ಮೊದಲ ವರ್ಷ ಕೇಳಿದ್ದೆ, ಹೆಪ್ಪು ಯಾವಾಗ ಹಾಕುತ್ತೀರಿ?
ಓತಿಲಿಯಾ ತೊಲೆ ತೋರಿಸಿದಳು, ಗೋಡೆ ತೋರಿಸಿದಳು,
ಸಿಪ್ಪೆಯ ಮೇಲಿನ ಬೂದಿಬಣ್ಣದ ಪುಡಿ,
ಕೊನೆಗೆ, ತೊಳೆಯದ ನನ್ನ ತೋಳು.

ಮೂರು ದಿನ ಸದ್ದಿಲ್ಲ.
ನಾಲ್ಕನೆಯ ರಾತ್ರಿ ಬಾನಿಯೊಳಗೆ
ಬೇರೆ ಕೋಣೆಯ ಜಗಳದ ಹಾಗೆ ಪಿಸುಪಿಸು.
ಬೆಳಗ್ಗೆ ಸಿಪ್ಪೆಯೆಲ್ಲ ಉಬ್ಬಿ ಮೇಲೆದ್ದು
ಬಿರುಕುಬಿಟ್ಟ ನೆಲ.
ಮೊದಲು ಮೇಣದಬತ್ತಿ ಇಳಿಸಿ ನೋಡುತ್ತಾಳೆ;
ಆರಿದರೆ ಹೊರಗೆ ಓಡಬೇಕು,
ಉರಿದರೆ ಕೋಲು ಹಿಡಿದು ಅದುಮಬೇಕು.
ಅಷ್ಟೇ. ಮಿಕ್ಕಿದ್ದಕ್ಕೆ ಕೈ ಹಾಕುವಂತಿಲ್ಲ.
ಕೈ ಹಾಕದಿರುವುದಕ್ಕೂ ಬೆಳಗಿನ ನಾಲ್ಕಕ್ಕೆ ಏಳಬೇಕು.

ಈ ಸಲ ಫೆಬ್ರವರಿಯಲ್ಲಿ
ಗುಡ್ಡದಾಚೆ ಕಂಪನಿಯ ಪೈನ್ ತೋಪು ಹತ್ತಿಕೊಂಡಿತು.
ಬೇಲಿಯ ತನಕ ಬಂದ ಬೆಂಕಿಯನ್ನು
ನಿಕಾನೋರ್ ಹಸಿಗೋಣಿಯಲ್ಲಿ ಬಡಿದು ತಿರುಗಿಸಿದ.
ಅವನ ಹುಬ್ಬು ಇನ್ನೂ ಬೆಳೆದಿಲ್ಲ.
ಬಳ್ಳಿ ಸುಡಲಿಲ್ಲ; ಹೊಗೆ ಮಾತ್ರ
ಹನ್ನೊಂದು ದಿನ ಹಣ್ಣಿನ ಮೇಲೆ ಮಲಗಿತ್ತು.

ಕೊಳ್ಳುವವನು ಚಿಲ್ಲಾನಿನಿಂದ ಬಂದ.
ಬಾಯಿ ಮುಕ್ಕಳಿಸಿದ, ಉಗುಳಿದ,
ಕಾರಿನಿಂದ ಒಂದು ಚೀಲ ಇಳಿಸಿದ: ಇದ್ದಿಲ ಪುಡಿ.
‘ಕಲಸಿ, ಸೋಸಿ. ಹೊಗೆ ಹೋಗುತ್ತದೆ.’
‘ಜೊತೆಗೆ ಇನ್ನೇನು ಹೋಗುತ್ತದೆ?’
‘ಒಂದಿಷ್ಟು ಬಣ್ಣ. ಒಂದಿಷ್ಟು ಪರಿಮಳ.’
ಓತಿಲಿಯಾ ಚೀಲ ಮೂಸಿ ನೋಡಿದಳು.
ಸುಟ್ಟದ್ದನ್ನು ತೆಗೆಯಲು ಸುಟ್ಟದ್ದೇ ಬಂದಿದೆಯಲ್ಲ ಎಂದಳು,
ಆದರೆ ಚೀಲ ವಾಪಸು ಕೊಡಲಿಲ್ಲ.

ಆ ರಾತ್ರಿ ಅಡುಗೆಮನೆಯಲ್ಲಿ ದೀಪ ಆರಲೇ ಇಲ್ಲ.
ಬೆಳಗ್ಗೆ ಮೇಜಿನ ಮೇಲೆ ಎರಡು ಹೂಜಿ.
ಒಂದರಲ್ಲಿ ಹೊಗೆ, ಅದರ ಹಿಂದೆಲ್ಲೋ ಚೆರಿ, ಹಸಿ ಮಣ್ಣು,
ಕೊನೆಗೆ ನಾಲಿಗೆ ಹಿಡಿಯುವ ಒಗರು.
ಇನ್ನೊಂದು ತಿಳಿ, ನಯ, ಯಾರದ್ದೂ ಅಲ್ಲದ್ದು.
‘ಯಾವುದು?’ ಎಂದಳು.
ಕೂಲಿಯವಳು ನಾನು, ನನಗೇನು ತಿಳಿಯುತ್ತದೆ ಎಂದು ಜಾರಿಕೊಂಡೆ.
ಅವಳೂ ಒತ್ತಾಯ ಮಾಡಲಿಲ್ಲ.
‘ಗಸಿ ಇಳಿಯಲಿ’ ಎಂದು ಮಣ್ಣಿನ ಹಂಡೆಗಳ ಬಾಯಿ ಮೆತ್ತಿದಳು.
ಪುಡಿಯ ಚೀಲ ಬಾಗಿಲ ಸಂದಿಯಲ್ಲಿ
ಗಾಳಿಗೆ ತಡೆಯಾಗಿ ಕೂತಿತು.

ಆಗಸ್ಟಿನಲ್ಲಿ ಮುಚ್ಚಳ ತೆಗೆದೆವು.
ಹೊಗೆ ಹೋಗಿರಲಿಲ್ಲ. ತುಸು ಮೆತ್ತಗಾಗಿತ್ತು, ಅಷ್ಟೇ,
ಹಳೆಯ ಕೋಟಿನ ಕಾಲರಿನಲ್ಲಿ ಉಳಿದ ಹಾಗೆ.
ನಿಕಾನೋರ್ ಒಂದು ಗುಟುಕು ಕುಡಿದ, ಕೆಮ್ಮಿದ,
ಲೋಟ ಅಲ್ಲೇ ಇಟ್ಟು ಹೊರಗೆ ನಡೆದುಬಿಟ್ಟ.
ಓತಿಲಿಯಾ ಹಂಡೆಯೊಳಗೇ ನೋಡುತ್ತ ನಿಂತಿದ್ದಳು.

ಸ್ವಲ್ಪ ಹೊತ್ತಿಗೆ ತಿರುಗಿ ಬಂದ ಅವನು,
ಕೈಯಲ್ಲಿ ಐದು ಲೀಟರಿನ
ಖಾಲಿ ಕ್ಯಾನು.